ಗ್ಯಾರೇಜ್ ಕಟ್ಟೆ: ಚಳಿಗೆ ಲಾರಿ ಎಷ್ಟು ಹೊತ್ತು ಸ್ಟಾರ್ಟಿಂಗ್‌ನಲ್ಲಿ ಇರಬೇಕು?

ಡಿಸೆಂಬರ್ ಬಂತು ಅಂದರೆ ಈ ಕಟ್ಟೆಗೆ ಬರುವ ಪತ್ರಗಳ ರಾಗವೇ ಬದಲಾಗುತ್ತದೆ. ಮಳೆಗಾಲದಲ್ಲಿ ವೈಪರ್, ಬ್ರೇಕ್, ಡೀಸೆಲ್‌ಗೆ ಸೇರಿದ ನೀರು ಅಂತ ಕೇಳುತ್ತಿದ್ದವರು ಈಗ ಬೆಳಗಿನ ಸ್ಟಾರ್ಟಿಂಗ್ ಬಗ್ಗೆ ಕೇಳುತ್ತಾರೆ. ಕಾಫಿ ಕುಯ್ಲು ನಡೀತಿದೆ, ಲಾರಿಗಳು ಬೆಳಕು ಹರಿಯುವ ಮೊದಲೇ ಹೊರಡಬೇಕು, ಮೇಲಿಂದ ಮಂಜು. ಹಾಸನದ ಬಿ.ಎಂ. ರಸ್ತೆಯ ನಮ್ಮ ಗ್ಯಾರೇಜಿನಲ್ಲೂ ಈಗ ಇದೇ ಮಾತು. ಹಾಗಾಗಿ ಈ ಸಲ ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಉತ್ತರದ ಅರ್ಧ ಅದರಲ್ಲೇ ಇದೆ.

ಮೇಸ್ತ್ರಿಯವರಿಗೆ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ, ಜೊತೆಗೊಂದು ಆರು ಚಕ್ರದ ಲಾರಿ. ಸೀಸನ್‌ನಲ್ಲಿ ಅಕ್ಕಪಕ್ಕದ ತೋಟಗಳ ಕಾಫಿ ಮೂಟೆಯನ್ನು ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುತ್ತೇವೆ. ಲಾರಿ ಲೆಕ್ಕ ನೋಡುವವಳು ನಾನೇ. ನಮ್ಮ ಡ್ರೈವರ್ ಬೆಳಿಗ್ಗೆ ನಾಲ್ಕೂವರೆಗೆ ಬಂದು ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಹಾಗೇ ಬಿಟ್ಟು, ಕಾಫಿ ಕುಡಿದು, ಬೀಡಿ ಸೇದಿ ಆಮೇಲೆ ಹೊರಡುತ್ತಾರೆ. ಅಂಗಳದ ತುಂಬಾ ಹೊಗೆ. ಕೇಳಿದರೆ ‘ಎಂಜಿನ್ ಬಿಸಿ ಆಗಬೇಕಲ್ಲಮ್ಮಾ’ ಅನ್ನುತ್ತಾರೆ. ನಮ್ಮ ಮಾವನವರೂ ಅವರ ಕಡೆಗೇ. ಪಾಲಿಟೆಕ್ನಿಕ್ ಓದುವ ಮಗ ಮಾತ್ರ ಈಗಿನ ಎಂಜಿನ್‌ಗೆ ಬಿಸಿ ಮಾಡೋದೇ ಬೇಡ, ಸ್ಟಾರ್ಟ್ ಮಾಡಿ ಗೇರ್ ಹಾಕಬಹುದು ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಒಬ್ಬ ಓದುಗರು, ಮೂಡಿಗೆರೆ ತಾಲ್ಲೂಕು

ಅಮ್ಮಾ, ಮೂವರ ಮಾತೂ ಪೂರ್ತಿ ಕೇಳಬೇಡಿ. ಮಗನ ಮಾತು ಸ್ವಲ್ಪ ಹತ್ತಿರ ಇದೆ. ಆದರೆ ಅವನ ಹಾಗೆ ಲೋಡು ಗಾಡಿಯನ್ನು ಸ್ಟಾರ್ಟ್ ಮಾಡಿದ ಕೂಡಲೇ ಎಳೆದರೆ ಎರಡು ವರ್ಷದಲ್ಲಿ ಅವನ ಕಾಲೇಜು ಫೀಸಿನಷ್ಟು ದುಡ್ಡು ಗ್ಯಾರೇಜಿಗೆ ಕೊಡಬೇಕಾಗುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೇಳು, ಹದಿನೆಂಟು ಪಾಲು ಕಿರಿದು ಮಾಡಿ ಒತ್ತುತ್ತದೆ. ಹಾಗೆ ಒತ್ತಿದಾಗ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಅದರೊಳಗೆ ನಾಜಲ್ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ರಾತ್ರಿಯೆಲ್ಲ ಮಂಜಿನಲ್ಲಿ ನಿಂತ ಕಬ್ಬಿಣ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲು ಕಟಕಟ ಸದ್ದು, ಬಿಳಿ ಹೊಗೆ. ಆ ಬಿಳಿ ಹೊಗೆಯಲ್ಲಿ ಇರುವುದು ಸುಡದೇ ಹೊರಬಂದ ಡೀಸೆಲ್. ಅಂದರೆ ನಿಮ್ಮ ದುಡ್ಡು.

ಹಾಗಾದರೆ ನಿಂತಲ್ಲೇ ಓಡಿಸಿ ಬಿಸಿ ಮಾಡೋದು ಒಳ್ಳೆಯದಲ್ವಾ ಅಂತ ನಿಮ್ಮ ಮಾವನವರು ಕೇಳಬಹುದು. ತೊಂದರೆ ಇರುವುದು ಅಲ್ಲೇ. ನಿಂತಲ್ಲಿ ಡೀಸೆಲ್ ಎಂಜಿನ್ ಬಿಸಿಯಾಗುವುದು ಬಹಳ ನಿಧಾನ. ಪೆಟ್ರೋಲ್ ಎಂಜಿನ್‌ಗೆ ಆಕ್ಸಿಲೇಟರ್ ಬಿಟ್ಟರೆ ಗಾಳಿಯ ದಾರಿಯೂ ಕಿರಿದಾಗುತ್ತದೆ. ಡೀಸೆಲ್ ಹಾಗಲ್ಲ, ಸ್ಲೋ ಓಡುವಾಗಲೂ ಎದೆ ತುಂಬ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ, ಸುಡುವುದು ಮಾತ್ರ ಚೂರೇ ಚೂರು ಡೀಸೆಲ್. ಬಚ್ಚಲೊಲೆಗೆ ಒಂದು ಕಡ್ಡಿ ಸೌದೆ ಇಟ್ಟು ಹಂಡೆ ನೀರು ಕಾಯಲಿ ಅಂತ ಕೂತ ಹಾಗೆ. ಅರ್ಧ ಗಂಟೆ ಆದ ಮೇಲೆ ಡ್ರೈವರನ್ನೇ ಕರೆದು ಟೆಂಪರೇಚರ್ ಮುಳ್ಳು ತೋರಿಸಲು ಹೇಳಿ. ಮೇಲೆದ್ದಿದ್ದರೂ ಅರ್ಧ ದಾರಿಗೆ ಬಂದಿರುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಒಳಗೆ ನಡೆಯುವುದು ಬೇರೆಯೇ. ಪೂರ್ತಿ ಸುಡದ ಡೀಸೆಲ್ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಯ ಮೇಲೆ ಇಳಿಯುತ್ತದೆ. ಅಲ್ಲಿದ್ದ ಆಯಿಲ್ ಪದರವನ್ನು ತೊಳೆದು ರಿಂಗ್ ಸಂದಿಯಲ್ಲಿ ಜಾರಿ ಆಯಿಲ್ ಚೇಂಬರ್ ಸೇರುತ್ತದೆ. ನಾಜಲ್ ತುದಿಗೆ, ವಾಲ್ವ್‌ಗೆ ಮಸಿ ಕಟ್ಟುತ್ತದೆ. ನಿಮ್ಮ ಲಾರಿಯ ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಕದೇ ಲೆವೆಲ್ ಮೇಲೆ ಹೋಗಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಡೀಸೆಲ್ ವಾಸನೆ ಬಂದರೆ, ಆ ಬೆಳಗಿನ ಕಾಫಿಯ ಬೆಲೆ ಎಷ್ಟು ಅಂತ ಗೊತ್ತಾಗುತ್ತದೆ. ಎಂಜಿನ್ ಗಾತ್ರದ ಮೇಲೆ, ನಿಂತ ಲಾರಿ ಗಂಟೆಗೆ ಒಂದರಿಂದ ಮೂರು ಲೀಟರ್‌ವರೆಗೆ ಕುಡಿಯುತ್ತದೆ. ಸೀಸನ್‌ಗೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ. ಲೆಕ್ಕ ನೋಡುವವರು ನೀವೇ ಅಂತ ಬರೆದಿದ್ದೀರಲ್ಲ.

ಈ ಚಳಿಯ ಬಗ್ಗೆಯೂ ಒಂದು ಮಾತು. ಲಡಾಖ್‌ನಲ್ಲಿ ಲಾರಿಯ ಟ್ಯಾಂಕ್ ಕೆಳಗೆ ಬೆಂಕಿ ಹಾಕುವ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಅಲ್ಲಿ ಸಾಮಾನ್ಯ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತಿತ್ತು. ಅದಕ್ಕೇ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್‌ನವರು ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಅಲ್ಲಿಗೆ ಕೊಟ್ಟರು. ನಮ್ಮಲ್ಲಿ ಜನವರಿಯ ಬೆಳಿಗ್ಗೆ ಹನ್ನೆರಡು, ಹದಿಮೂರು ಡಿಗ್ರಿ. ನಮಗೆ ಸ್ವೆಟರ್ ಬೇಕು ನಿಜ. ಡೀಸೆಲ್‌ಗೆ ಅದು ಚಳಿಯೇ ಅಲ್ಲ.

ಹಾಗಾದರೆ ಕಾಯಬೇಕಾಗಿರುವುದು ಏನಕ್ಕೆ? ಎರಡಕ್ಕೆ. ಮೊದಲನೆಯದು ಆಯಿಲ್. ರಾತ್ರಿ ಆಯಿಲ್ ಎಲ್ಲ ಚೇಂಬರ್‌ಗೆ ಇಳಿದಿರುತ್ತದೆ. ಸ್ಟಾರ್ಟ್ ಆದ ಮೇಲೆ ಪಂಪ್ ಅದನ್ನು ಎತ್ತಿ ಬೇರಿಂಗ್, ರಾಕರ್, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಚಕ್ರ) ತನಕ ತಲುಪಿಸಬೇಕು. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ಮೇಲಿನ ತುದಿಗೆ ಆಯಿಲ್ ಹೋಗಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆ ಮೊದಲ ಅರ್ಧ ನಿಮಿಷ ಆಕ್ಸಿಲೇಟರ್ ಮೇಲೆ ಕಾಲೇ ಇಡಬಾರದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಬುರ್‌ಬುರ್ ಅಂತ ರೇಸ್ ಕೊಡುವ ಡ್ರೈವರ್ ಇದ್ದಾರಲ್ಲ, ಅವರ ಪಾದಕ್ಕೆ ನಮಸ್ಕಾರ. ನಮ್ಮ ಗ್ಯಾರೇಜಿನ ಬಾಡಿಗೆ ಹುಟ್ಟುವುದು ಅವರಿಂದ.

ಎರಡನೆಯದು ಏರ್. ಏರ್ ಬ್ರೇಕಿನ ಗಾಡಿಯಲ್ಲಿ ಗಾಳಿ ತುಂಬದೇ ಹೊರಡುವ ಹಾಗಿಲ್ಲ. ಸ್ಪ್ರಿಂಗ್ ಬ್ರೇಕ್ (ಏರ್ ಇಲ್ಲದಾಗ ಸ್ಪ್ರಿಂಗ್ ತಾನೇ ಚಕ್ರ ಹಿಡಿಯುವ ಬ್ರೇಕ್) ಇರುವ ಲಾರಿ ಗಾಳಿಯ ಒತ್ತಡ ಸುಮಾರು ಐದಾರು ಬಾರ್ ಆಗುವ ತನಕ ಚಕ್ರ ಬಿಡುವುದೇ ಇಲ್ಲ. ಮೀಟರ್ ಮುಳ್ಳು ಹಸಿರಿಗೆ ಬರಬೇಕು, ಬಜರ್ ನಿಲ್ಲಬೇಕು. ನನ್ನ ಅನುಮಾನ ಇಷ್ಟೇ: ನಿಮ್ಮ ಡ್ರೈವರ್ ಎಂಜಿನ್ ಬಿಸಿಗೆ ಕಾಯುತ್ತಿಲ್ಲ, ಏರ್‌ಗೆ ಕಾಯುತ್ತಿದ್ದಾರೆ. ಸರಿಯಾಗಿರುವ ಗಾಡಿಯಲ್ಲಿ ಕೆಲವೇ ನಿಮಿಷಕ್ಕೆ ಏರ್ ತುಂಬುತ್ತದೆ. ಕಾಲು ಗಂಟೆ ಬೇಕಾದರೆ ಎಲ್ಲೋ ಸೋರುತ್ತಿದೆ, ಇಲ್ಲಾ ಕಂಪ್ರೆಸರ್ ಸುಸ್ತಾಗಿದೆ. ರಾತ್ರಿ ಗಾಡಿ ನಿಲ್ಲಿಸಿದಾಗ ಮುಳ್ಳು ಎಲ್ಲಿತ್ತು, ಬೆಳಿಗ್ಗೆ ಎಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಲು ಹೇಳಿ. ಪೂರ್ತಿ ಇಳಿದಿದ್ದರೆ ಸೋಪಿನ ನೀರು ಮಾಡಿ ಪೈಪಿನ ಜಾಯಿಂಟ್‌ಗಳಿಗೆ ಹಚ್ಚಿಸಿ. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲೇ ನಿಮ್ಮ ಅರ್ಧ ಗಂಟೆ ಹೋಗುತ್ತಿದೆ. ಹಾಗೇ ಏರ್ ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದು ನೀರು ಬಿಡುವುದನ್ನು ಮರೆಯಬೇಡಿ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ಜಾಸ್ತಿ, ಆ ನೀರು ಬ್ರೇಕ್ ವಾಲ್ವ್ ಒಳಗೆ ಹೋಗಿ ತುಕ್ಕು ಹಿಡಿಸುತ್ತದೆ.

ಹಳೇ ಡ್ರೈವರ್‌ಗಳಿಗೆ ಈ ಅರ್ಧ ಗಂಟೆಯ ರೂಢಿ ಸುಮ್ನೆ ಬಂದದ್ದಲ್ಲ. ಅವರ ಕಾಲದಲ್ಲಿ ಒಂದೇ ಗ್ರೇಡಿನ ದಪ್ಪ ಆಯಿಲ್ ಹಾಕುತ್ತಿದ್ದರು, ಚಳಿಗೆ ಅದು ಬೇಗ ಹರಿಯುತ್ತಿರಲಿಲ್ಲ. ಬೋರ್ ಸವೆದ ಎಂಜಿನ್‌ಗಳೇ ಹೆಚ್ಚು, ಏರ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಕಾಯುತ್ತಿದ್ದರು. ಈಗ ಚಳಿಗೂ ಬಿಸಿಗೂ ಹೊಂದುವ 15ಡಬ್ಲ್ಯೂ-40 ಆಯಿಲ್ ಬಂದಿದೆ, ನಮ್ಮ ಚಳಿಗೆ ಅದು ಚೆನ್ನಾಗಿಯೇ ಹರಿಯುತ್ತದೆ. ಗಾಡಿ ಬದಲಾಯಿತು, ಆಯಿಲ್ ಬದಲಾಯಿತು, ಕಾಫಿ ಕುಡಿಯುವ ಟೈಮ್ ಮಾತ್ರ ಬದಲಾಗಲಿಲ್ಲ. ಡ್ರೈವರ್‌ಗೆ ಕಾಫಿ ಕೊಡಿ, ತಪ್ಪಿಸಬೇಡಿ. ಸ್ಟಾರ್ಟ್ ಮಾಡುವುದಕ್ಕೆ ಮುಂಚೆ ಕೊಡಿ.

ಈಗ ಮಗನಿಗೆ. ಪಿಸ್ಟನ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಲೈನರ್ ಬೀಡು ಕಬ್ಬಿಣ. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ತಣ್ಣಗಿರುವಾಗಲೇ ಪೂರ್ತಿ ಲೋಡು ಕೊಟ್ಟರೆ ಪಿಸ್ಟನ್ ಮೊದಲು ಹಿಗ್ಗಿ ಲೈನರ್‌ಗೆ ಉಜ್ಜುತ್ತದೆ. ಹೊಸ ಗಾಡಿಯಲ್ಲಿ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಇದೆ, ತಣ್ಣಗಿದ್ದರೆ ಅದೇ ಐಡ್ಲಿಂಗ್ ಸ್ವಲ್ಪ ಏರಿಸಿಕೊಳ್ಳುತ್ತದೆ, ನಾಜಲ್ ಟೈಮಿಂಗ್ ಹೊಂದಿಸಿಕೊಳ್ಳುತ್ತದೆ. ಅದೆಲ್ಲ ನಿಜ. ಆದರೆ ಕಬ್ಬಿಣ ಹಿಗ್ಗುವುದನ್ನು ಇಸಿಎಂ ತಡೆಯಲಾರದು.

ಹಾಗಾಗಿ ಹೀಗೆ ಮಾಡಿಸಿ. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ, ಅಥವಾ ಏರ್ ತುಂಬುವ ತನಕ. ಆ ಹೊತ್ತಲ್ಲಿ ಟೈರ್ ತಟ್ಟಿ ನೋಡುವುದು, ಲೈಟ್ ನೋಡುವುದು, ಹಗ್ಗ ಬಿಗಿ ಇದೆಯಾ ಅಂತ ನೋಡುವುದು. ಆಮೇಲೆ ಹೊರಡುವುದು, ಆದರೆ ಮೆಲ್ಲಗೆ. ಮುಳ್ಳು ಮೇಲೇಳುವ ತನಕ, ಅಂದರೆ ಮೊದಲ ಐದಾರು ಕಿಲೋಮೀಟರ್, ಆಕ್ಸಿಲೇಟರ್ ಅರ್ಧಕ್ಕಿಂತ ಕೆಳಗೆ, 1,500 ಆರ್‌ಪಿಎಂ ಒಳಗೆ. ಹಾಗಂತ ಟಾಪ್ ಗೇರಿಗೆ ಹಾಕಿ ಗೊರಗೊರ ಅಂತ ಎಳೆಸಲೂ ಬಾರದು, ಅದು ಇನ್ನೂ ಕೆಟ್ಟದ್ದು. ಓಡುತ್ತಾ ಬಿಸಿಯಾಗುವ ಎಂಜಿನ್ ಬೇಗ ಬಿಸಿಯಾಗುತ್ತದೆ. ಇನ್ನೊಂದು ವಿಷಯ ಇದೆ. ಅಂಗಳದಲ್ಲಿ ನಿಂತರೆ ಬಿಸಿಯಾಗುವುದು ಎಂಜಿನ್ ಒಂದೇ. ಗೇರ್‌ಬಾಕ್ಸ್ ಆಯಿಲ್, ಹಿಂದಿನ ಆಕ್ಸಲ್‌ನ ಕ್ರೌನ್ ಆಯಿಲ್, ಚಕ್ರದ ಗ್ರೀಸು ಎಲ್ಲ ತಣ್ಣಗೇ ಇರುತ್ತವೆ. ಬೆಳಿಗ್ಗೆ ಗೇರ್ ಗಟ್ಟಿ ಅಂತ ಡ್ರೈವರ್ ಗೊಣಗುವುದಿಲ್ಲವಾ? ಅದು ಸರಿಹೋಗುವುದು ಚಕ್ರ ತಿರುಗಿದ ಮೇಲೆಯೇ.

ನಿಮ್ಮ ತೋಟದ ಗೇಟು ದಾಟಿದ ಕೂಡಲೇ ಕಡಿದಾದ ಏರು ಇದ್ದರೆ ಮಾತ್ರ ಸ್ವಲ್ಪ ಬೇರೆ. ಮಲೆನಾಡಿನ ತೋಟಗಳ ಹಣೆಬರಹವೇ ಅದು, ಕಣ ಕೆಳಗೆ, ಟಾರ್ ರೋಡು ಮೇಲೆ. ಅಂಥ ಕಡೆ ಲೋಡು ಗಾಡಿಯನ್ನು ಐದು ನಿಮಿಷ ಸ್ಟಾರ್ಟಿಂಗ್‌ನಲ್ಲಿ ಬಿಡಿ. ಆಮೇಲೆ ಫಸ್ಟ್ ಗೇರಿನಲ್ಲಿ ಅವಸರ ಇಲ್ಲದೆ ಹತ್ತಿಸಿ. ಇನ್ನೂ ಒಳ್ಳೆಯ ದಾರಿ ಅಂದರೆ ಹಿಂದಿನ ಸಂಜೆಯೇ ಲೋಡು ಮಾಡಿ, ಎಂಜಿನ್ ಬಿಸಿ ಇರುವಾಗಲೇ ಮೇಲೆ ತಂದು ನಿಲ್ಲಿಸಿಬಿಡುವುದು. ಕಾವಲಿಗೆ ಜನ ಇದ್ದರೆ ಮಾತ್ರ. ಕಾಫಿ ಬೆಲೆ ಈಗ ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹೊಗೆ ವಿಷಯ ಕೊನೆಗೆ ಬರೆದೆ, ಆದರೆ ಅದು ಸಣ್ಣದಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಸೈಲೆನ್ಸರ್ ಬಾಯಿ ಮನೆ ಕಡೆ ಇರದ ಹಾಗೆ ಗಾಡಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿ ಬಿಡುವುದಂತೂ ಬೇಡವೇ ಬೇಡ.

ನಮ್ಮ ಲಾರಿ ಬಿಎಸ್6. ಬೆಳಿಗ್ಗೆ ಜಾಸ್ತಿ ಹೊತ್ತು ಸ್ಟಾರ್ಟಿಂಗ್‌ನಲ್ಲಿ ಬಿಟ್ಟರೆ ಸೈಲೆನ್ಸರ್ ಬ್ಲಾಕ್ ಆಗುತ್ತದೆ ಅಂತ ಶೋರೂಮಿನವರು ಹೆದರಿಸುತ್ತಾರೆ. ನಿಜವಾ? ಚಳಿಗೆ ಆಡ್‌ಬ್ಲೂ ಗಟ್ಟಿಯಾಗುತ್ತದಾ?
— ಚನ್ನರಾಯಪಟ್ಟಣ

ಹೆದರಿಸುತ್ತಿಲ್ಲ, ಸರಿಯಾಗಿಯೇ ಹೇಳಿದ್ದಾರೆ. ಬಿಎಸ್6 ಅಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ. 2020ರ ಏಪ್ರಿಲ್‌ನಿಂದ ಬಂದ ಈ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ನಿಂತಲ್ಲಿ ಓಡಿಸಿದರೆ ಮಸಿ ಜಾಸ್ತಿ, ಕಾವು ಕಡಿಮೆ. ದಿನಾ ಹಾಗೆ ಮಾಡಿದರೆ ದೀಪ ಹತ್ತುತ್ತದೆ. ಆಡ್‌ಬ್ಲೂ, ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ನೀರು, ಅದೂ ಹಾಗೇ, ಹೊಗೆ ಸುಮಾರು 200 ಡಿಗ್ರಿ ದಾಟಿದ ಮೇಲೇ ಅದರ ಕೆಲಸ ಶುರು. ಗಟ್ಟಿಯಾಗುವುದು ಮೈನಸ್ 11 ಡಿಗ್ರಿಗೆ. ಚನ್ನರಾಯಪಟ್ಟಣದಲ್ಲಿ ಅಂಥ ಚಳಿ ಬಂದರೆ ಲಾರಿಗಿಂತ ಮೊದಲು ನಮ್ಮ ತೆಂಗಿನ ಮರಗಳ ಚಿಂತೆ ಮಾಡಬೇಕು.

ಅಣ್ಣಾ, ನಾನು ಡ್ರೈವರ್. ಮಂಗಳೂರಿಂದ ಲೋಡು ತಂದು ಶಿರಾಡಿ ಹತ್ತಿ ಸಕಲೇಶಪುರದ ಕಡೆ ಊಟಕ್ಕೆ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ ಮೂರು ನಿಮಿಷ ಓಡಲಿ ಅಂತ ಬಿಡುತ್ತೇನೆ. ಮೊನ್ನೆ ಓನರ್ ಜೊತೆಗಿದ್ದರು, ‘ನಿಂತ ಗಾಡಿಗೆ ಡೀಸೆಲ್ ಯಾಕೆ’ ಅಂತ ಬೈದರು. ನೀವು ಬರೆದರೆ ತೋರಿಸುತ್ತೇನೆ.
— ಒಬ್ಬ ಡ್ರೈವರ್, ಅರಸೀಕೆರೆ

ತೋರಿಸಿ ತಮ್ಮಾ, ದಪ್ಪ ಅಕ್ಷರದಲ್ಲಿ ಹಾಕಿ ಅಂತ ಸಂಪಾದಕರಿಗೂ ಹೇಳುತ್ತೇನೆ. ಬೆಳಿಗ್ಗೆ ಅರ್ಧ ಗಂಟೆ ವ್ಯರ್ಥ, ಘಾಟಿ ಹತ್ತಿದ ಮೇಲೆ ಮೂರು ನಿಮಿಷ ವ್ಯರ್ಥ ಅಲ್ಲ.

ಲೋಡು ಎಳೆದು ಹತ್ತುವಾಗ ಟರ್ಬೊಗೆ ಬಡಿಯುವ ಹೊಗೆ 600 ಡಿಗ್ರಿ ದಾಟಿರುತ್ತದೆ. ಲಾರಿಯ ಟರ್ಬೊ ಶಾಫ್ಟ್ ಜೋರಾಗಿ ತಿರುಗುವಾಗ ನಿಮಿಷಕ್ಕೆ ಹತ್ತಿರ ಹತ್ತಿರ ಲಕ್ಷ ಸುತ್ತು. ಅದನ್ನು ತಂಪಾಗಿಟ್ಟು ಜಾರುವ ಹಾಗೆ ಮಾಡುತ್ತಿರುವುದು ಎಂಜಿನ್ ಆಯಿಲ್. ಸ್ವಿಚ್ ಆಫ್ ಮಾಡಿದ ಕ್ಷಣ ಆಯಿಲ್ ಪಂಪ್ ನಿಂತಿತು. ಶಾಫ್ಟ್ ಇನ್ನೂ ತಿರುಗುತ್ತಿರುತ್ತದೆ, ಕಬ್ಬಿಣ ಇನ್ನೂ ಕೆಂಡ. ಒಳಗೆ ಉಳಿದ ಚೂರು ಆಯಿಲ್ ಅಲ್ಲೇ ಸುಟ್ಟು ಕರಿ ಹೆಕ್ಕಳೆ ಆಗುತ್ತದೆ. ಅದು ಬೇರಿಂಗ್ ತಿನ್ನುತ್ತದೆ, ಆಯಿಲ್ ಹೋಗುವ ದಾರಿ ಮುಚ್ಚುತ್ತದೆ. ಒಂದು ದಿನ ನೀಲಿ ಹೊಗೆ, ಸಿಳ್ಳೆ ಹೊಡೆದ ಹಾಗೆ ಸದ್ದು, ಆಮೇಲೆ ಎಳೆತ ಇಲ್ಲ. ಹೊಸ ಟರ್ಬೊ ರೇಟು ಓನರ್‌ಗೆ ಗೊತ್ತಿರಬೇಕು.

ಆದರೆ ಓನರ್ ಪರವಾಗಿಯೂ ಒಂದು ಮಾತು. ಘಾಟಿ ಮುಗಿದ ಮೇಲೆ ನಿಮ್ಮ ಹೋಟೆಲ್ ತನಕ ಸಮ ರಸ್ತೆಯಲ್ಲಿ ನಿಧಾನಕ್ಕೆ ಬಂದಿದ್ದರೆ ಟರ್ಬೊ ದಾರಿಯಲ್ಲೇ ಅರ್ಧ ತಣಿದಿರುತ್ತದೆ. ಆಗ ಒಂದು ನಿಮಿಷ ಸಾಕು. ಏರಿನ ತಲೆಯಲ್ಲೇ ನಿಲ್ಲಿಸಿದರೆ ಮೂರು. ಊಟ ಮುಗಿಯುವ ತನಕ ಓಡಲಿ ಅಂತ ಬಿಟ್ಟರೆ ಅದು ಟರ್ಬೊಗೆ ಅಲ್ಲ, ಫ್ಯಾನ್ ಗಾಳಿಗೆ ಮಲಗಿರುವ ಕ್ಲೀನರ್‌ಗೆ. ಅದಕ್ಕೆ ಓನರ್ ಬೈದರೆ ನಾನು ನಿಮ್ಮ ಕಡೆ ಬರುವುದಿಲ್ಲ.

ನಮ್ಮ ಲಾರಿ ಬೇಸಿಗೆಯಲ್ಲಿ ಹೀಟ್ ಆಗುತ್ತಿತ್ತು. ಇಲ್ಲಿನ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದು ಬಿಸಾಕಿದರು, ‘ನಮ್ಮ ದೇಶಕ್ಕೆ ಅದು ಬೇಡ’ ಅಂದರು. ಈಗ ಹೀಟ್ ಆಗುವುದಿಲ್ಲ. ಆದರೆ ಚಳಿ ಶುರುವಾದ ಮೇಲೆ ಎಷ್ಟು ಓಡಿಸಿದರೂ ಮುಳ್ಳು ಕೆಳಗೇ ಇರುತ್ತದೆ, ಮೈಲೇಜೂ ಇಳಿದಿದೆ.
— ಕಡೂರು

‘ನಮ್ಮ ದೇಶಕ್ಕೆ ಬೇಡ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗಿದ್ದರೆ ಆ ಎಂಜಿನ್ ಮಾಡಿದವರು ನಮ್ಮ ದೇಶಕ್ಕೇ ಮಾರುವ ಗಾಡಿಗೆ ಅದನ್ನು ಸುಮ್ನೆ ಹಾಕಿದ್ದಾರಾ?

ಥರ್ಮೋಸ್ಟಾಟ್ ಕೆಲಸ ಎಂಜಿನ್ ಬೇಗ ಬಿಸಿಯಾಗಲಿ ಅಂತ ನೀರನ್ನು ರೇಡಿಯೇಟರ್‌ಗೆ ಬಿಡದೇ ಒಳಗೇ ಸುತ್ತಿಸುವುದು. ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರು ಮಾಡುತ್ತದೆ. ಅದು ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ತಣ್ಣೀರು ಸುತ್ತುತ್ತದೆ. ಎಂಜಿನ್ ದಿನವಿಡೀ ಬೆಳಗಿನ ಐದು ಗಂಟೆಯ ಸ್ಥಿತಿಯಲ್ಲೇ ಓಡುತ್ತದೆ. ಆಯಿಲ್ ದಪ್ಪ, ಡೀಸೆಲ್ ಅರೆಬೆಂದದ್ದು, ಲೈನರ್ ಸವೆತ. ಕೆಲವು ಎಂಜಿನ್‌ಗಳಲ್ಲಿ ಇನ್ನೂ ವಿಚಿತ್ರ: ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ಪೂರ್ತಿ ತೆರೆದೇ ಇರುತ್ತದೆ, ನೀರು ರೇಡಿಯೇಟರ್‌ಗೆ ಸರಿಯಾಗಿ ಹೋಗುವುದೇ ಇಲ್ಲ, ಬೇಸಿಗೆಯಲ್ಲಿ ಮತ್ತೆ ಹೀಟ್.

ಹೊಸದು ಹಾಕಿಸಿ, ದೊಡ್ಡ ಖರ್ಚಲ್ಲ. ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಟ್ಟು ತೆರೆಯುವುದನ್ನು ನೀವೇ ನೋಡಬಹುದು. ಹೀಟ್ ಆಗುತ್ತಿದ್ದ ಕಾರಣ ಬೇರೆ ಇದೆ, ಅದನ್ನು ಯಾರೂ ಹುಡುಕಲಿಲ್ಲ. ಕಡೂರು ಕಡೆ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರ್‌ಗೆ ತುಂಬಿಸಿದರೆ ಒಳಗೆ ಉಪ್ಪು ಕಟ್ಟುತ್ತದೆ. ರೇಡಿಯೇಟರ್ ಬಿಚ್ಚಿ ತೊಳೆಸಿ, ಫ್ಯಾನ್ ಬೆಲ್ಟ್ ನೋಡಿಸಿ, ಆಮೇಲೆ ಕೂಲೆಂಟ್ ಹಾಕಿಸಿ. ಕೂಲೆಂಟ್ ಚಳಿ ದೇಶಕ್ಕೆ ಮಾತ್ರ ಅಂದುಕೊಳ್ಳಬೇಡಿ, ಅದು ತುಕ್ಕು ತಡೆಯುತ್ತದೆ, ನೀರು ಬೇಗ ಕುದಿಯದ ಹಾಗೂ ನೋಡಿಕೊಳ್ಳುತ್ತದೆ.

ನಮ್ಮ ತಂದೆಯವರು ಚಳಿಗಾಲದಲ್ಲಿ ಲಾರಿಯ ಆಯಿಲ್ ಚೇಂಬರ್ ಕೆಳಗೆ ತಗಡಿನಲ್ಲಿ ಕೆಂಡ ಇಡುತ್ತಿದ್ದರು. ಏರ್ ಕ್ಲೀನರ್ ಬಾಯಿಗೆ ಬಟ್ಟೆ ಪಂಜು ಹಿಡಿದು ಸ್ಟಾರ್ಟ್ ಮಾಡುತ್ತಿದ್ದರು. ಇಲ್ಲಾ ಇಳಿಜಾರಲ್ಲಿ ನಿಲ್ಲಿಸಿ ಗೇರ್ ಬಿಟ್ಟು ಉರುಳಿಸುತ್ತಿದ್ದರು. ನಮ್ಮ ಹಳೇ ಲಾರಿ ಬೆಳಿಗ್ಗೆ ಬಹಳ ಸತಾಯಿಸುತ್ತದೆ. ಈಗಲೂ ಹಾಗೆ ಮಾಡಬಹುದಾ?
— ಬಾಳೆಹೊನ್ನೂರು

ತಂದೆಯವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ. ಮಾಡಬೇಡಿ.

ಹಳೇ ಗಾಡಿಯ ಚೇಂಬರ್ ಹೊರಗೆಲ್ಲ ಆಯಿಲ್ ಜಿಡ್ಡು, ಪಕ್ಕದಲ್ಲೇ ಡೀಸೆಲ್ ಪೈಪು, ವೈರು. ಕೆಂಡಕ್ಕೆ ಅಷ್ಟು ಸಾಕು. ಪಂಜಿನ ಬೂದಿ, ಸುಟ್ಟ ದಾರ ಎಲ್ಲ ಎಂಜಿನ್ ಒಳಗೆ ಹೋಗುತ್ತದೆ. ಈಗ ಡಬ್ಬಿಯಲ್ಲಿ ಬರುವ ಸ್ಟಾರ್ಟಿಂಗ್ ಸ್ಪ್ರೇ ಇದೆ, ಅದರಲ್ಲಿ ಈಥರ್ ಇರುತ್ತದೆ. ಹೀಟರ್ ಪ್ಲಗ್ ಅಥವಾ ಏರ್ ಹೀಟರ್ ಇರುವ ಗಾಡಿಗೆ ಅದನ್ನು ಹೊಡೆದರೆ ಅಲ್ಲೇ ಸಿಡಿಯಬಹುದು.

ಇಳಿಜಾರಿನ ಆಟ ಇವೆಲ್ಲಕ್ಕಿಂತ ಅಪಾಯ. ಎಂಜಿನ್ ನಿಂತಿದೆ ಅಂದರೆ ಏರ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೇ ಗಾಡಿ ಉರುಳಲು ಶುರುವಾಗಿ ಎಂಜಿನ್ ಹತ್ತಲಿಲ್ಲ ಅಂದರೆ ನಿಲ್ಲಿಸುವುದು ಯಾವುದರಿಂದ? ನಿಮ್ಮ ಕಡೆಯ ರಸ್ತೆಗಳಲ್ಲಿ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ತೋಟದ ಕೊರಕಲು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಕಲ್ಲು ತೆಗೆದು ಸ್ಟಾರ್ಟ್ ಮಾಡುವುದು ಅಲ್ಲ.

ಹನ್ನೆರಡು ಡಿಗ್ರಿಗೆ ಡೀಸೆಲ್ ಎಂಜಿನ್ ಸತಾಯಿಸುತ್ತಿದೆ ಅಂದರೆ ತಪ್ಪು ಚಳಿಯದ್ದಲ್ಲ. ಮೊದಲು ಬ್ಯಾಟರಿ ನೋಡಿ. ಸೆಲ್ಫ್ ಹೊಡೆದಾಗ ಎಂಜಿನ್ ಚುರುಕಾಗಿ ತಿರುಗದೆ ನಿಧಾನಕ್ಕೆ ಉಸಿರು ಬಿಟ್ಟ ಹಾಗೆ ತಿರುಗಿದರೆ ಗಾಳಿ ಒತ್ತಿದರೂ ಬಿಸಿಯಾಗುವುದಿಲ್ಲ. ಟರ್ಮಿನಲ್ ಉಜ್ಜಿಸಿ, ಅರ್ಥ್ ವೈರ್ ಬಿಗಿ ಮಾಡಿಸಿ. ಎರಡು ಬ್ಯಾಟರಿ ಇದ್ದರೆ ಒಂದನ್ನೇ ಹೊಸದು ಹಾಕಬೇಡಿ, ಹಳೆಯದು ಹೊಸದನ್ನೂ ಎಳೆದುಹಾಕುತ್ತದೆ. ಸೆಲ್ಫ್ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ಬಿಟ್ಟು, ಅರ್ಧ ನಿಮಿಷದ ಮೇಲೆ ಕಾದು ಮತ್ತೆ ಹೊಡೆಯಿರಿ.

ಎಂಜಿನ್ ಚುರುಕಾಗಿಯೇ ತಿರುಗುತ್ತದೆ, ಆದರೂ ಹತ್ತುವುದಿಲ್ಲ, ಸೈಲೆನ್ಸರ್‌ನಲ್ಲಿ ಹೊಗೆಯೂ ಇಲ್ಲ. ಹಾಗಾದರೆ ಡೀಸೆಲ್ ಬರುತ್ತಿಲ್ಲ. ರಾತ್ರಿ ಯಾವುದೋ ವಾಷರ್ ಸಂದಿಯಲ್ಲಿ ಗಾಳಿ ಎಳೆದು ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡ್ ಪಂಪ್ ಒತ್ತಿ ನೋಡಿ. ಗಟ್ಟಿಯಾಗುವ ತನಕ ಒತ್ತಿದ ಮೇಲೆ ಒಂದೇ ಸಲಕ್ಕೆ ಹತ್ತಿದರೆ ರೋಗ ಸಿಕ್ಕಿತು. ತಾಮ್ರದ ವಾಷರ್‌ಗಳನ್ನು ಬದಲಾಯಿಸಿ, ಹಳೇ ರಬ್ಬರ್ ಪೈಪ್ ತೆಗೆಸಿ. ಫಿಲ್ಟರ್ ಕೆಳಗಿನ ನೀರನ್ನೂ ಬಿಡಿಸಿ. ಟ್ಯಾಂಕ್ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದರೆ ಒಳಗಿನ ತೇವ ನೀರಾಗಿ ಇಳಿಯುತ್ತದೆ, ಆದಷ್ಟು ತುಂಬಿಸಿಯೇ ನಿಲ್ಲಿಸಿ.

ಇನ್ನು ಚುರುಕಾಗಿ ತಿರುಗುತ್ತದೆ, ಬಿಳಿ ಹೊಗೆಯೂ ಧಾರಾಳ, ಆದರೆ ಹತ್ತುವುದಿಲ್ಲ ಅಂದರೆ ಕಂಪ್ರೆಶನ್, ಅಂದರೆ ಗಾಳಿ ಒತ್ತುವ ಬಲ ಇಲ್ಲ. ಬೋರ್ ಕೆಲಸಕ್ಕೆ ದುಡ್ಡು ಹೊಂದಿಸಿಕೊಳ್ಳಿ.

ಹೊಸದಾಗಿ ಪಿಕಪ್ ತೆಗೆದುಕೊಂಡಿದ್ದೇನೆ, ತರಕಾರಿ ಹೊಡೆಯಲು. ಕೀ ಹಾಕಿದರೆ ಸುರುಳಿ ಚಿತ್ರದ ಹಳದಿ ದೀಪ ಬರುತ್ತದೆ. ಏನದು?
— ಚಿಕ್ಕಮಗಳೂರು

ಹೀಟರ್ ಪ್ಲಗ್ ದೀಪ. ಕೀ ತಿರುಗಿಸಿ ಅದು ಆರುವ ತನಕ ಕಾಯಿರಿ, ಆಮೇಲೆ ಸೆಲ್ಫ್ ಹೊಡೆಯಿರಿ. ನಿಮ್ಮೂರ ಚಳಿಗೆ ಕೆಲವೇ ಸೆಕೆಂಡು. ಗಾಡಿ ಓಡುವಾಗ ಅದೇ ದೀಪ ಮಿನುಗಿದರೆ ಕೆಲವು ಕಂಪನಿಗಳಲ್ಲಿ ಅರ್ಥವೇ ಬೇರೆ, ಜೊತೆಗೆ ಕೊಟ್ಟ ಪುಸ್ತಕ ನೋಡಿ. ಆ ಪುಸ್ತಕವನ್ನು ಡ್ಯಾಶ್‌ಬೋರ್ಡ್ ಒಳಗೆ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿರುತ್ತೀರಿ, ನನಗೆ ಗೊತ್ತು.

ನಮ್ಮ ಟಿಪ್ಪರ್ ಬೆಳಿಗ್ಗೆ ಬಿಳಿ ಹೊಗೆ ಬಿಡುತ್ತದೆ. ಎಲ್ಲರೂ ಬಿಸಿ ಆದ ಮೇಲೆ ಹೋಗುತ್ತದೆ ಅನ್ನುತ್ತಾರೆ. ಆದರೆ ಹಾಸನ ಬಂದರೂ ಹೋಗಿರುವುದಿಲ್ಲ. ಹೆಡ್ ಬಿಚ್ಚಬೇಕು ಅಂತ ಒಬ್ಬರು, ನಾಜಲ್ ಅಂತ ಇನ್ನೊಬ್ಬರು.
— ಆಲೂರು

ಎರಡು ಮೂರು ಕಿಲೋಮೀಟರಿಗೆ ಹೋದರೆ ಅದು ಬರೀ ಚಳಿ. ಆಲೂರಿನಿಂದ ಹಾಸನ ತನಕ ಬಂದರೂ ಹೋಗಿಲ್ಲ ಅಂದರೆ ಒಳಗೆ ಏನೋ ಇದೆ, ಆದರೆ ಯಾರೋ ಹೇಳಿದರು ಅಂತ ಹೆಡ್ ಬಿಚ್ಚಿಸಬೇಡಿ.

ಹೊಗೆಯ ವಾಸನೆ ಮೊದಲು ನೋಡಿ. ಕಣ್ಣು ಉರಿದು ಹಸಿ ಡೀಸೆಲ್ ವಾಸನೆ ಬಂದರೆ ನಾಜಲ್ ಕಡೆ ಅನುಮಾನ ಪಡಿ. ಬಿಚ್ಚಿಸಿ ಟೆಸ್ಟಿಂಗ್ ಮಾಡಿಸಿ, ಮಂಜಿನ ಹಾಗೆ ಚಿಮ್ಮದೆ ಹನಿ ಹನಿ ಬಿದ್ದರೆ ಅದೇ ಕಾರಣ. ಪಂಪ್ ಟೈಮಿಂಗ್ ತಪ್ಪಿದ್ದರೂ ಹೀಗೇ ಆಗುತ್ತದೆ. ವಾಸನೆ ಸ್ವಲ್ಪ ಸಿಹಿಯಾಗಿದ್ದು, ಹೊಗೆ ಆವಿಯ ಹಾಗಿದ್ದು, ಕೂಲೆಂಟ್ ದಿನಾ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ಮಧ್ಯೆ ಸೋರದ ಹಾಗೆ ಹಾಕುವ ಹಾಳೆ) ಅನುಮಾನ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ, ಒಳಗೆ ಗುಳ್ಳೆ ಏಳುತ್ತಲೇ ಇದೆಯಾ ನೋಡಿ. ಬಿಸಿ ಇರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಮುಖಕ್ಕೆ ಕುದಿನೀರು ಹಾರಿಸಿಕೊಂಡ ಹುಡುಗರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಕಾಗಿದೆ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಬಣ್ಣ ಕಂಡರೆ ಗಾಡಿ ಸ್ಟ್ಯಾಂಡಿನಿಂದ ತೆಗೆಯಲೇಬೇಡಿ.

ನಮ್ಮಲ್ಲಿಗೆ ತರುವುದಾದರೆ ಹಿಂದಿನ ರಾತ್ರಿಯೇ ತಂದು ನಿಲ್ಲಿಸಿ ಹೋಗಿ. ಓಡಿಸಿಕೊಂಡು ಬಂದ ಬಿಸಿ ಎಂಜಿನ್‌ನಲ್ಲಿ ಮೊದಲ ಹೊಗೆ ಕಾಣುವುದಿಲ್ಲ, ಕೇಳುವುದಕ್ಕೆ ಮೊದಲ ಸದ್ದೂ ಇರುವುದಿಲ್ಲ. ಕೀ ವಾಚ್‌ಮನ್ ಹತ್ತಿರ ಕೊಡಿ. ಬೆಳಿಗ್ಗೆ ನಾನು ಬರುವ ತನಕ ಯಾರೂ ಸ್ಟಾರ್ಟ್ ಮಾಡಬಾರದು ಅಂತ ಹೇಳಿಯೇ ಹೋಗಿ, ಇಲ್ಲದಿದ್ದರೆ ನಮ್ಮ ಹುಡುಗರೇ ‘ಬಿಸಿ ಆಗಲಿ’ ಅಂತ ಸ್ಟಾರ್ಟ್ ಮಾಡಿ ಬಿಟ್ಟಿರುತ್ತಾರೆ.